ಲೈಬ್ರರಿ ಕ್ಯಾಟಲಾಗ್‌ನಿಂದ ಕೆಲಸ ತೆಗೆಯುವ 15 ಸೂತ್ರಗಳು

ಸೆಮಿನಾರ್‌ಗೆ ಇನ್ನೊಂದು ವಾರ ಇದೆ. ಲೈಬ್ರರಿಯ ಕಂಪ್ಯೂಟರ್ ಮುಂದೆ ನಿಂತು, ಗೈಡ್ ಕೊಟ್ಟ ಟಾಪಿಕ್ಕನ್ನು ಉದ್ದಕ್ಕೂ ಟೈಪ್ ಮಾಡಿದಿರಿ. ‘ನೋ ರಿಸಲ್ಟ್ಸ್ ಫೌಂಡ್’ ಅಂತ ಬಂತು. ‘ನಮ್ಮ ಲೈಬ್ರರೀಲಿ ಏನೂ ಇಲ್ಲ ಬಿಡು’ ಎಂದು ಪಕ್ಕದವರಿಗೆ ಹೇಳಿ ಕ್ಯಾಂಟೀನ್ ಕಡೆ ಹೊರಟಿರಿ.

‘ಏನೂ ಇಲ್ಲ’ ಎನ್ನುವುದು ಕೆಟ್ಟ ಅಭ್ಯಾಸ. ಇವತ್ತೇ ಬಿಡಿ. ದಶಕಗಳಿಂದ ಪುಸ್ತಕ ಕೊಳ್ಳುತ್ತಾ ಬಂದ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ನಿಮ್ಮ ವಿಷಯಕ್ಕೆ ಹತ್ತಿರದ ಒಂದು ಪುಸ್ತಕವೂ ಇರುವುದಿಲ್ಲ ಎಂದರೆ ನಂಬುವುದು ಕಷ್ಟ. ನೀವು ಕರೆದ ಹೆಸರಿಗೆ ಅದು ಓಗೊಡಲಿಲ್ಲ, ಅಷ್ಟೆ. ಲೈಬ್ರರಿ ಅದಕ್ಕೆ ಇಟ್ಟಿರುವ ಹೆಸರು ಯಾವುದು ಎಂದು ಪತ್ತೆ ಮಾಡಿ. ಕೆಳಗಿನ ಸೂತ್ರಗಳೆಲ್ಲ ಇದೊಂದು ಕೆಲಸಕ್ಕಾಗಿಯೇ ಇವೆ.

1. ಗೂಗಲ್ ಚಾಳಿಯನ್ನು ಬಾಗಿಲಲ್ಲೇ ಬಿಡಿ

ಓಪ್ಯಾಕ್, ಅಂದರೆ ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗ್, ಪುಸ್ತಕದ ಒಳಗನ್ನು ಓದುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯ ಕೋಹಾ ಸಾಫ್ಟ್‌ವೇರ್ ಹಾಕಿಕೊಂಡಿರಲಿ, ಇನ್‌ಫ್ಲಿಬ್‌ನೆಟ್‌ನ ಸೋಲ್ ಹಾಕಿಕೊಂಡಿರಲಿ, ಅದರಲ್ಲಿರುವುದು ಪ್ರತಿ ಪುಸ್ತಕಕ್ಕೊಂದು ಪುಟ್ಟ ರೆಕಾರ್ಡ್: ಶೀರ್ಷಿಕೆ, ಲೇಖಕ, ಪ್ರಕಾಶಕ, ವರ್ಷ, ಪುಟಸಂಖ್ಯೆ, ಐಎಸ್‌ಬಿಎನ್, ಒಂದೆರಡು ವಿಷಯ ಪದಗಳು, ಕಾಲ್ ನಂಬರ್. 400 ಪುಟದ ಪುಸ್ತಕಕ್ಕೆ ಹತ್ತು-ಹನ್ನೆರಡು ಸಾಲು. ನೀವು ಕೊಟ್ಟ ಪದ ಆ ಸಾಲುಗಳಲ್ಲಿದ್ದರೆ ಪುಸ್ತಕ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ.

ಗೂಗಲ್ ನಿಮ್ಮ ಸ್ಪೆಲ್ಲಿಂಗ್ ತಿದ್ದುತ್ತದೆ, ಹತ್ತಿರದ ಅರ್ಥದ ಪದಗಳನ್ನೂ ನೋಡುತ್ತದೆ, ನಿಮಗೇನು ಬೇಕಿರಬಹುದು ಎಂದು ಊಹಿಸುತ್ತದೆ. ಕ್ಯಾಟಲಾಗ್‌ಗೆ ಅಷ್ಟು ಔದಾರ್ಯ ಇಲ್ಲ. ಆದ್ದರಿಂದ ಪೂರ್ತಿ ವಾಕ್ಯ ಟೈಪ್ ಮಾಡಬೇಡಿ. ‘ರೋಲ್ ಆಫ್’, ‘ಇಂಪ್ಯಾಕ್ಟ್ ಆಫ್’, ‘ವಿತ್ ಸ್ಪೆಷಲ್ ರೆಫರೆನ್ಸ್ ಟು’ ಎಲ್ಲವನ್ನೂ ಕಿತ್ತುಹಾಕಿ. ನಮ್ಮ ಥೀಸಿಸ್‌ಗಳಿಗೆ ತಪ್ಪದೆ ಅಂಟಿಕೊಳ್ಳುವ ‘ಒಂದು ಅಧ್ಯಯನ’ ಎಂಬ ಬಾಲವನ್ನೂ ಕತ್ತರಿಸಿ. ಎರಡು-ಮೂರು ಗಟ್ಟಿ ಪದ ಸಾಕು.

2. ಇಲ್ಲದ ಕಡೆ ಹುಡುಕಬೇಡಿ

ಜರ್ನಲ್‌ನಲ್ಲಿ ಬಂದ ಲೇಖನ ಓಪ್ಯಾಕ್‌ನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ‘ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ’ಯ ಯಾವ ವರ್ಷಗಳ ಬೌಂಡ್ ವಾಲ್ಯೂಮ್ ನಿಮ್ಮಲ್ಲಿದೆ ಎಂದು ಅದು ಹೇಳಬಹುದು. ಅದರೊಳಗಿನ ಲೇಖನದ ಹೆಸರು ಕೊಟ್ಟರೆ ಹೇಳುವುದಿಲ್ಲ. ಲೇಖನದ ಶೀರ್ಷಿಕೆಯನ್ನು ಓಪ್ಯಾಕ್‌ನಲ್ಲಿ ಟೈಪ್ ಮಾಡಿ ಅರ್ಧ ದಿನ ಕಳೆದುಕೊಂಡು ಲೈಬ್ರರಿಯನ್ನು ಬೈಯುವವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ನೀವು ಅವರಾಗಬೇಡಿ.

ಲೇಖನ ಬೇಕಾದರೆ ಗೂಗಲ್ ಸ್ಕಾಲರ್‌ನಲ್ಲಿ ಶೀರ್ಷಿಕೆ ಹುಡುಕಿ, ಆಮೇಲೆ ಲೈಬ್ರರಿಯ ಇ-ರಿಸೋರ್ಸ್ ಪುಟಕ್ಕೆ ಹೋಗಿ. ಸರ್ಕಾರಿ ಸಂಸ್ಥೆಯಲ್ಲಿ ಓದುತ್ತಿದ್ದರೆ ನಿಮ್ಮ ಕೈಯಲ್ಲಿ ಈಗ ದೊಡ್ಡ ಅಸ್ತ್ರವೇ ಇದೆ. 2025ರ ಜನವರಿ 1ರಂದು ಶುರುವಾದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು ದೇಶದ 6,300ರಷ್ಟು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ತೆರೆದಿಡುವ ಯೋಜನೆ. ನಿಮ್ಮ ಸಂಸ್ಥೆ ಪಟ್ಟಿಯಲ್ಲಿದೆಯೇ ಎಂದು ಕೌಂಟರ್‌ನಲ್ಲಿ ಕೇಳಿ, ಇದ್ದರೆ ಲಾಗಿನ್ ಪಡೆಯಿರಿ. ದುಡ್ಡು ಸರ್ಕಾರ ಕಟ್ಟಿಯಾಗಿದೆ, ಓದುವುದಷ್ಟೇ ಬಾಕಿ.

3. ಟಾಪಿಕ್ಕನ್ನು ಮುರಿದು ಕಾಲಂ ಮಾಡಿ

ನಿಮ್ಮ ಟಾಪಿಕ್ ‘ಬರಗಾಲ ಮತ್ತು ಉತ್ತರ ಕರ್ನಾಟಕದ ಕೃಷಿ ಕಾರ್ಮಿಕ ಮಹಿಳೆಯರ ವಲಸೆ’ ಎಂದುಕೊಳ್ಳಿ. ಒಂದು ಹಾಳೆ ತೆಗೆದುಕೊಂಡು ನಾಲ್ಕು ಕಾಲಂ ಎಳೆಯಿರಿ: ಬರ, ಜಾಗ, ಕೃಷಿ ಕಾರ್ಮಿಕ ಮಹಿಳೆಯರು, ವಲಸೆ. ಪ್ರತಿ ಕಾಲಂನ ಕೆಳಗೆ ಬೇರೆ ಪದಗಳನ್ನು ಬರೆಯಿರಿ. ಬರಕ್ಕೆ ಡ್ರಾಟ್, ಫ್ಯಾಮಿನ್, ಸ್ಕೇರ್ಸಿಟಿ. ವಲಸೆಗೆ ಮೈಗ್ರೇಷನ್, ಮೊಬಿಲಿಟಿ, ಸೀಸನಲ್ ಲೇಬರ್. ಕನ್ನಡದ ಗುಳೆ ಪದವನ್ನೂ ಸೇರಿಸಿ. ನೀವು ಹಾಕದ ಪದದಲ್ಲೇ ಒಳ್ಳೆಯ ಪುಸ್ತಕ ಕೂತಿರುತ್ತದೆ, ಅದಕ್ಕೇ ಈ ಕಸರತ್ತು.

ಈಗ ಜೋಡಿಸಿ. ಒಂದೇ ಕಾಲಂನ ಪದಗಳ ನಡುವೆ ‘ಆರ್’ ಹಾಕಿ, ಬಲೆ ಹಿಗ್ಗುತ್ತದೆ. ಕಾಲಂ-ಕಾಲಂ ನಡುವೆ ‘ಆ್ಯಂಡ್’ ಹಾಕಿ, ಬಲೆ ಕುಗ್ಗುತ್ತದೆ. ಎರಡನ್ನೂ ಇಂಗ್ಲಿಷ್‌ನ ದೊಡ್ಡಕ್ಷರದಲ್ಲೇ ಟೈಪ್ ಮಾಡಿ, ಆಗ ಯಾವ ಸಾಫ್ಟ್‌ವೇರ್ ಇದ್ದರೂ ಅಪಾಯ ಕಡಿಮೆ. ಒಟ್ಟಿಗೇ ಬರಬೇಕಾದ ಪದಗಳನ್ನು ಡಬಲ್ ಕೋಟ್ ಒಳಗೆ ಹಾಕಿ.

ಮೊದಲ ಸಲವೇ ನಾಲ್ಕು ಕಾಲಂಗಳನ್ನೂ ಸೇರಿಸಬೇಡಿ. ಎರಡರಿಂದ ಶುರು ಮಾಡಿ. ನಾಲ್ಕೂ ವಿಷಯ ಕೂಡಿದ ಪುಸ್ತಕ ಇಲ್ಲದೇ ಇರಬಹುದು. ಇದ್ದಿದ್ದರೆ ನಿಮ್ಮ ಸಂಶೋಧನೆಯ ಅಗತ್ಯವೇ ಇರುತ್ತಿರಲಿಲ್ಲ! ಹಾಗೆಂದು ‘ಎಕನಾಮಿಕ್ಸ್’ ಎಂದು ಒಂದೇ ಪದ ಹೊಡೆಯುವುದೂ ಬೇಡ. ಅದು ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಊರಿಗೆ ಬಸ್ ಎಲ್ಲಿ?’ ಎಂದು ಕೇಳಿದ ಹಾಗೆ.

‘ನಾಟ್’ ಎಂಬ ಮೂರನೆಯ ಅಸ್ತ್ರವೂ ಇದೆ. ಅದನ್ನು ಅಪರೂಪಕ್ಕೆ ಬಳಸಿ. ಬೇಡದ್ದನ್ನು ತೆಗೆಯಲು ಹೋಗಿ ಬೇಕಾದ್ದನ್ನೂ ತೆಗೆದುಬಿಡುತ್ತದೆ.

4. ಊರಿನ ಹಳೆಯ ಹೆಸರನ್ನೂ ಹಾಕಿ

ಕರ್ನಾಟಕದ ಮೇಲೆ ಕೆಲಸ ಮಾಡುವ ಪ್ರತಿಯೊಬ್ಬರೂ ಈ ಸೂತ್ರವನ್ನು ಬಾಯಿಪಾಠ ಮಾಡಬೇಕು. ನಮ್ಮ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೆ ಮುಂಚಿನ ವರದಿ, ಗೆಜೆಟಿಯರ್, ಸೆನ್ಸಸ್ ಸಂಪುಟ, ಆರ್ಥಿಕ ಸಮೀಕ್ಷೆಗಳ ಶೀರ್ಷಿಕೆಯಲ್ಲಿ ಇರುವುದು ‘ಮೈಸೂರು’. 1960ರ ದಶಕದ ರಾಯಚೂರಿನ ಬಗ್ಗೆ ಬೇಕಿದ್ದರೂ ನೀವು ಮೈಸೂರು ಎಂದೇ ಹುಡುಕಬೇಕಾದೀತು. 1956ಕ್ಕಿಂತ ಹಿಂದಕ್ಕೆ ಹೋದರೆ ಅದೇ ರಾಯಚೂರು ಹೈದರಾಬಾದ್ ಸಂಸ್ಥಾನದ್ದು, ಧಾರವಾಡ ಮುಂಬಯಿ ಪ್ರಾಂತದ್ದು, ಮಂಗಳೂರು ಮದ್ರಾಸ್ ಪ್ರಾಂತದ್ದು. ಆಯಾ ಸರ್ಕಾರದ ಹೆಸರಿನಲ್ಲೇ ಪುಸ್ತಕವೂ ದಾಖಲಾಗಿರುತ್ತದೆ.

ಊರುಗಳದ್ದೂ ಇದೇ ಕಥೆ. 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು. ಬ್ಯಾಂಗಲೋರ್ ಬೆಂಗಳೂರಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬೆಲ್ಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಕ್ಯಾಟಲಾಗ್‌ನ ಹಳೆಯ ರೆಕಾರ್ಡ್‌ಗಳು ತಾವಾಗಿಯೇ ಬದಲಾಗಲಿಲ್ಲ. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು, ಮುಂಬೈ ಕರ್ನಾಟಕ 2021ರಲ್ಲಿ ಕಿತ್ತೂರು ಕರ್ನಾಟಕವಾಯಿತು. ‘ಕಲ್ಯಾಣ ಕರ್ನಾಟಕ’ ಎಂದು ಮಾತ್ರ ಹುಡುಕಿದವರಿಗೆ ಅಲ್ಲಿಯ ಹಿಂದುಳಿದಿರುವಿಕೆಯ ಮೇಲೆ ದಶಕಗಳ ಕಾಲ ನಡೆದ ಚರ್ಚೆ ಕಾಣಿಸುವುದೇ ಇಲ್ಲ.

ಇನ್ನೂ ಹಿಂದಕ್ಕೆ ಹೋಗುವವರು ಇಂಗ್ಲಿಷ್‌ನ ‘ಕೆನರಾ’, ‘ಕ್ಯಾನರೀಸ್’, ‘ಕರ್ನಾಟಿಕ್’ ಪದಗಳನ್ನೂ ಹಾಕಿ. ಇ.ಪಿ. ರೈಸ್ ಅವರ ಕನ್ನಡ ಸಾಹಿತ್ಯ ಚರಿತ್ರೆಯ ಇಂಗ್ಲಿಷ್ ಶೀರ್ಷಿಕೆಯಲ್ಲಿ ‘ಕನ್ನಡ’ ಎಂಬ ಪದವೇ ಇಲ್ಲ. ಅದು ‘ಕ್ಯಾನರೀಸ್ ಲಿಟರೇಚರ್’, ಅದೂ ಇಂಗ್ಲಿಷ್‌ನ ಕೆ ಅಕ್ಷರದಿಂದ. ಸಿ ಅಕ್ಷರದಿಂದ ಬರೆದವರೂ ಬೇಕಾದಷ್ಟು ಜನ ಇದ್ದಾರೆ. ಎರಡನ್ನೂ ಹಾಕಿ ನೋಡಿ.

5. ಕನ್ನಡ ಪುಸ್ತಕವನ್ನು ಮೂರು ವೇಷದಲ್ಲಿ ಹುಡುಕಿ

ಕನ್ನಡ ಪುಸ್ತಕ ಕ್ಯಾಟಲಾಗ್‌ನಲ್ಲಿ ಮೂರು ವೇಷದಲ್ಲಿರಬಹುದು. ಮೊದಲನೆಯದು ಕನ್ನಡ ಲಿಪಿ. ಎರಡನೆಯದು ನಾವು ವಾಟ್ಸ್‌ಆ್ಯಪ್‌ನಲ್ಲಿ ಬರೆಯುವಂಥ ಇಂಗ್ಲಿಷ್ ಸ್ಪೆಲ್ಲಿಂಗ್. ಮೂರನೆಯದು ವಿದ್ವಾಂಸರು ಬಳಸುವ, ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕೆ ಇಡುವ ಲಿಪ್ಯಂತರ.

ಜನ ಎಡವುವುದು ಈ ಮೂರನೆಯದರಲ್ಲಿ. ಗೆರೆ-ಚುಕ್ಕೆಗಳಿಗೆ ಹೆದರಬೇಡಿ, ಅನೇಕ ಸಾಫ್ಟ್‌ವೇರ್‌ಗಳು ಅವನ್ನು ಲೆಕ್ಕಿಸುವುದಿಲ್ಲ. ಆದರೆ ಅಕ್ಷರವೇ ಬೇರೆಯಾದರೆ ಲೆಕ್ಕಿಸುತ್ತವೆ. ಈ ಪದ್ಧತಿಯಲ್ಲಿ ‘ಚ’ಕ್ಕೆ ಬರೀ ಸಿ, ‘ಛ’ಕ್ಕೆ ಸಿಎಚ್. ಕಾರಂತರ ‘ಚೋಮನ ದುಡಿ’ಯನ್ನು ಸಿಎಚ್ ಹಾಕಿ ಹುಡುಕಿದರೆ ಆ ರೆಕಾರ್ಡ್ ತಪ್ಪಿಹೋಗುತ್ತದೆ. ವಚನ ಸಾಹಿತ್ಯದ ಮೇಲೆ ಕೆಲಸ ಮಾಡುವವರು ‘ವಚನ’ವನ್ನು ಒಮ್ಮೆ ಸಿಎಚ್‌ನಲ್ಲಿ, ಇನ್ನೊಮ್ಮೆ ಬರೀ ಸಿಯಲ್ಲಿ ಹುಡುಕಲೇಬೇಕು. ಶಾಸನದವರು ‘ಶ’ಕ್ಕೆ ಒಮ್ಮೆ ಎಸ್‌ಎಚ್, ಒಮ್ಮೆ ಎಸ್ ಹಾಕಿ. ‘ಕಾನೂರು’ ಬರೆಯಲು ಎರಡು ಓ ಹಾಕಿದವರೂ ಉಂಟು, ಒಂದೇ ಯು ಹಾಕಿದವರೂ ಉಂಟು. ಕ್ಯಾಟಲಾಗ್ ಮಾಡಿದವರು ಯಾವುದನ್ನು ಹಾಕಿದರೋ ನಿಮಗೆ ಗೊತ್ತಿಲ್ಲ. ಎಲ್ಲವನ್ನೂ ಹಾಕಿ. ಒಂದು ಸರ್ಚ್‌ಗೆ ಹತ್ತು ಸೆಕೆಂಡ್ ಸಾಕು.

ಕನ್ನಡ ಲಿಪಿಯಲ್ಲಿ ಹುಡುಕುವಾಗ ಯೂನಿಕೋಡ್ ಕೀಲಿಮಣೆಯಲ್ಲೇ ಟೈಪ್ ಮಾಡಿ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ತುಂಬಿದ ಮಾಹಿತಿ ಪರಿವರ್ತನೆಯಾಗದೆ ಉಳಿದಿದ್ದರೆ ಅದು ಯಾವ ಸರ್ಚ್‌ಗೂ ಸಿಗದು. ಪದ ಬಿಡಿಸುವುದರಲ್ಲೂ ಎಚ್ಚರ ಬೇಕು. ‘ಭಾಷಾವಿಜ್ಞಾನ’ ಒಂದೇ ಪದವಾಗಿಯೂ ಇರಬಹುದು, ‘ಭಾಷಾ ವಿಜ್ಞಾನ’ ಎಂದು ಎರಡಾಗಿಯೂ ಇರಬಹುದು. ಕಂಪ್ಯೂಟರ್‌ಗೆ ಇವೆರಡೂ ಬೇರೆ ಬೇರೆ. ‘ಜನಪದ’ ಮತ್ತು ‘ಜಾನಪದ’ವೂ ಬೇರೆ.

6. ನಕ್ಷತ್ರ ಚಿಹ್ನೆಯನ್ನು ದುಡಿಸಿಕೊಳ್ಳಿ

ಪದದ ಬುಡವನ್ನಷ್ಟೇ ಟೈಪ್ ಮಾಡಿ, ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ. ಇಂಗ್ಲಿಷ್‌ನಲ್ಲಿ ‘ಮೈಗ್ರೇಷನ್’ನ ಮೊದಲ ಐದು ಅಕ್ಷರ ಹಾಕಿ ನಕ್ಷತ್ರ ಒತ್ತಿದರೆ ಮೈಗ್ರಂಟ್, ಮೈಗ್ರೇಷನ್, ಮೈಗ್ರೇಟರಿ ಮೂರೂ ಬರುತ್ತವೆ. ಬುಡ ತೀರಾ ಗಿಡ್ಡ ಬೇಡ. ‘ಕ್ಯಾಟಲಾಗ್’ಗೆ ಮೂರೇ ಅಕ್ಷರ ಕೊಟ್ಟರೆ ದನಕರುಗಳ ಪುಸ್ತಕವೂ ಬರುತ್ತದೆ.

ಕನ್ನಡಕ್ಕೆ ಇದು ಇನ್ನೂ ಹೆಚ್ಚು ಉಪಯೋಗ, ಏಕೆಂದರೆ ನಮ್ಮಲ್ಲಿ ಪ್ರತ್ಯಯ ಪದಕ್ಕೇ ಅಂಟುತ್ತದೆ. ಶೀರ್ಷಿಕೆಯಲ್ಲಿರುವುದು ‘ಕರ್ನಾಟಕದಲ್ಲಿ’, ನೀವು ಹುಡುಕುವುದು ‘ಕರ್ನಾಟಕ’. ನಕ್ಷತ್ರ ಇಲ್ಲದಿದ್ದರೆ ಎರಡೂ ಸಂಧಿಸುವುದಿಲ್ಲ. ‘ಮಹಿಳೆ’ ಬೇಕಿದ್ದರೆ ‘ಮಹಿಳ’ದಲ್ಲೇ ನಿಲ್ಲಿಸಿ ನಕ್ಷತ್ರ ಹಾಕಿ. ಮಹಿಳೆ, ಮಹಿಳೆಯರು, ಮಹಿಳಾ ಎಲ್ಲವೂ ಒಂದೇ ಬಲೆಗೆ ಬೀಳುತ್ತವೆ.

7. ಡ್ರಾಪ್‌ಡೌನ್ ಇರುವುದು ಅಲಂಕಾರಕ್ಕಲ್ಲ

ಸರ್ಚ್ ಬಾಕ್ಸ್ ಪಕ್ಕದ ಪಟ್ಟಿಯನ್ನು ಒತ್ತಿ ನೋಡಿ: ಟೈಟಲ್, ಆಥರ್, ಸಬ್ಜೆಕ್ಟ್, ಐಎಸ್‌ಬಿಎನ್, ಸೀರೀಸ್, ಕಾಲ್ ನಂಬರ್. ‘ಕೊಠಾರಿ’ ಎಂದು ಸುಮ್ಮನೆ ಹುಡುಕಿದರೆ ಸಿ.ಆರ್. ಕೊಠಾರಿಯವರ ‘ರಿಸರ್ಚ್ ಮೆಥಡಾಲಜಿ’ಯೂ ಬರುತ್ತದೆ, 1964-66ರ ಕೊಠಾರಿ ಶಿಕ್ಷಣ ಆಯೋಗದ ಪುಸ್ತಕಗಳೂ ಬರುತ್ತವೆ. ಮೊದಲನೆಯದು ಬೇಕಿದ್ದರೆ ಆಥರ್ ಆಯ್ದುಕೊಳ್ಳಿ, ಎರಡನೆಯದಕ್ಕೆ ಟೈಟಲ್ ಅಥವಾ ಸಬ್ಜೆಕ್ಟ್. ಅರ್ಧ ಕಸ ಅಲ್ಲೇ ಹೋಯಿತು.

ಲೇಖಕರ ಇನಿಷಿಯಲ್ ಬಿಟ್ಟು ಹೆಸರು ಮಾತ್ರ ಹಾಕಿ. ಚುಕ್ಕೆ ಇದೆಯೋ ಇಲ್ಲವೋ, ಜಾಗ ಬಿಟ್ಟಿದ್ದಾರೋ ಇಲ್ಲವೋ ಎಂಬ ತಲೆನೋವು ತಪ್ಪುತ್ತದೆ. ಕಾವ್ಯನಾಮ, ನಿಜನಾಮ ಎರಡರಲ್ಲೂ ನೋಡಿ. ಕುವೆಂಪು ಪುಟ್ಟಪ್ಪನಾಗಿಯೂ, ಬೇಂದ್ರೆ ಅಂಬಿಕಾತನಯದತ್ತನಾಗಿಯೂ, ಮಾಸ್ತಿ ಶ್ರೀನಿವಾಸನಾಗಿಯೂ, ತ್ರಿವೇಣಿ ಅನಸೂಯಾ ಶಂಕರ್ ಆಗಿಯೂ ದಾಖಲಾಗಿರಬಹುದು.

ಐಎಸ್‌ಬಿಎನ್ ನಿಖರ, ಆದರೆ ಅದು ಒಂದು ಆವೃತ್ತಿಗೆ ಮಾತ್ರ. ಪೇಪರ್‌ಬ್ಯಾಕ್‌ಗೆ ಬೇರೆ, ಹಾರ್ಡ್‌ಬೌಂಡ್‌ಗೆ ಬೇರೆ. 2007ಕ್ಕೆ ಮುಂಚಿನ ಪುಸ್ತಕದಲ್ಲಿ 13ರ ಬದಲು 10 ಅಂಕಿ ಇರುತ್ತದೆ. ಐಎಸ್‌ಬಿಎನ್‌ಗೆ ಸಿಗದಿದ್ದರೆ ಟೈಟಲ್ ಹಾಕಿ. ಹಿಂದಿನ ಎಡಿಷನ್ ರ‍್ಯಾಕ್‌ನಲ್ಲೇ ಇರಬಹುದು.

8. ಒಂದು ಒಳ್ಳೆಯ ಪುಸ್ತಕ ಸಿಕ್ಕಿತೇ? ಅಲ್ಲಿಂದ ಓಟ ಶುರು

ಇಡೀ ಪಟ್ಟಿಯಲ್ಲಿ ಒಂದೇ ಸೂತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ.

ಪುಸ್ತಕದ ಹೆಸರಿನ ಮೇಲೆ ಕ್ಲಿಕ್ ಮಾಡಿ ಪೂರ್ತಿ ರೆಕಾರ್ಡ್ ತೆರೆಯಿರಿ. ಕೆಳಗೆ ‘ಸಬ್ಜೆಕ್ಟ್’ ಎಂದು ಒಂದೆರಡು ಲಿಂಕ್ ಇರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ. ಅದೇ ವಿಷಯ ಶೀರ್ಷಿಕೆಯಡಿ ಲೈಬ್ರರಿಯಲ್ಲಿ ದಾಖಲಾದ ಪುಸ್ತಕಗಳೆಲ್ಲ ಸಾಲಾಗಿ ನಿಲ್ಲುತ್ತವೆ, ಅವುಗಳ ಹೆಸರಿನಲ್ಲಿ ನಿಮ್ಮ ಪದ ಇರಲಿ, ಇಲ್ಲದಿರಲಿ. ಸಾಲದ ಸುಳಿಯ ಬಗ್ಗೆ ಬಂದ ಪುಸ್ತಕಕ್ಕೆ ಲೇಖಕ ಏನೋ ಕಾವ್ಯಮಯ ಹೆಸರಿಟ್ಟಿರುತ್ತಾನೆ. ಸಬ್ಜೆಕ್ಟ್ ಲಿಂಕ್ ಅದನ್ನೂ ಎಳೆದು ತರುತ್ತದೆ.

ಈ ವಿಷಯ ಪದಗಳನ್ನು ಕ್ಯಾಟಲಾಗರ್ ತನಗೆ ತೋಚಿದಂತೆ ಬರೆಯುವುದಿಲ್ಲ. ಸಿದ್ಧ ಪಟ್ಟಿಗಳಿವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪಟ್ಟಿ ಒಂದು, ಸಿಯರ್ಸ್ ಪಟ್ಟಿ ಇನ್ನೊಂದು. ಪಟ್ಟಿಯ ಭಾಷೆ ನಮ್ಮ ಭಾಷೆಯಲ್ಲ. ನೀವು ‘ಪ್ರಥಮ ಸ್ವಾತಂತ್ರ್ಯ ಸಂಗ್ರಾಮ’ ಎನ್ನುವುದನ್ನು ಲೈಬ್ರರಿ ಆಫ್ ಕಾಂಗ್ರೆಸ್ ‘ಸಿಪಾಯ್ ರೆಬೆಲಿಯನ್, 1857-1858’ ಎಂದು ಬರೆದಿದೆ. ಹೆಸರಿನ ಹಿಂದಿನ ರಾಜಕೀಯವನ್ನು ಒಪ್ಪಬೇಕಿಲ್ಲ, ಆದರೆ ಹುಡುಕುವಾಗ ಅದನ್ನೇ ಟೈಪ್ ಮಾಡಬೇಕು. ‘ಸೆಕೆಂಡ್ ವರ್ಲ್ಡ್ ವಾರ್’ ಅಲ್ಲಿ ‘ವರ್ಲ್ಡ್ ವಾರ್, 1939-1945’. ಸಿನಿಮಾ ಎಂದರೆ ‘ಮೋಷನ್ ಪಿಕ್ಚರ್ಸ್’. ಅಡುಗೆಗೆ 2010ರವರೆಗೆ ‘ಕುಕರಿ’ ಎಂದಿತ್ತು, ಆಮೇಲೆ ‘ಕುಕಿಂಗ್’ ಆಯಿತು. ಹೋಮ್ ಸೈನ್ಸ್‌ನವರು ಎರಡನ್ನೂ ಹುಡುಕಿ.

ಈ ಪದಗಳನ್ನು ಮೊದಲೇ ಊಹಿಸುವುದು ಯಾರಿಂದಲೂ ಆಗದ ಕೆಲಸ. ಅದಕ್ಕೇ ಒಂದು ಪುಸ್ತಕ ಹಿಡಿಯಿರಿ, ಅದರ ರೆಕಾರ್ಡಿನಿಂದ ಪದ ಕದಿಯಿರಿ, ಆ ಪದದಿಂದ ಮುಂದಿನ ಹತ್ತು ಪುಸ್ತಕ ಹಿಡಿಯಿರಿ.

ವಿಷಯ ಪದಗಳ ಹಿಂದೆ ಬರುವ ಬಾಲಗಳನ್ನೂ ಗಮನಿಸಿ: ‘ಹಿಸ್ಟರಿ ಆ್ಯಂಡ್ ಕ್ರಿಟಿಸಿಸಂ’, ‘ಕೇಸ್ ಸ್ಟಡೀಸ್’, ‘ಸ್ಟ್ಯಾಟಿಸ್ಟಿಕ್ಸ್’, ‘ಡಿಕ್ಷನರೀಸ್’, ‘ಬಿಬ್ಲಿಯಾಗ್ರಫಿ’. ಕಾದಂಬರಿ ಬೇಡ, ಅದರ ವಿಮರ್ಶೆ ಬೇಕು ಎನ್ನುವವರಿಗೆ ಮೊದಲನೆಯದು ವರ. ಕೊನೆಯದು ಚಿನ್ನದ ಗಣಿ. ನಿಮ್ಮ ವಿಷಯದ ಮೇಲೆ ಯಾರೋ ವರ್ಷಗಟ್ಟಲೆ ಕೂತು ತಯಾರಿಸಿದ ಗ್ರಂಥಸೂಚಿಯೇ ಪುಸ್ತಕವಾಗಿ ಸಿಕ್ಕಿದರೆ ನಿಮ್ಮ ಲಿಟರೇಚರ್ ರಿವ್ಯೂ ಅರ್ಧ ಮುಗಿದ ಹಾಗೆ.

9. ಕಾಲ್ ನಂಬರ್ ಓದಲು ಕಲಿಯಿರಿ

ಕಾಲ್ ನಂಬರ್ ಎಂದರೆ ಪುಸ್ತಕದ ವಿಳಾಸ. ನಮ್ಮ ಬಹುಪಾಲು ವಿಶ್ವವಿದ್ಯಾಲಯಗಳು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯನ್ನು ಬಳಸುತ್ತವೆ. 330 ಅರ್ಥಶಾಸ್ತ್ರ, 340 ಕಾನೂನು, 510 ಗಣಿತ, 540 ರಸಾಯನಶಾಸ್ತ್ರ, 630 ಕೃಷಿ, 658 ಮ್ಯಾನೇಜ್‌ಮೆಂಟ್. ಕನ್ನಡ ಸಾಹಿತ್ಯ 894.814, ಕರ್ನಾಟಕದ ಇತಿಹಾಸ 954.87. ನಿಮ್ಮ ವಿಷಯದ ನಂಬರನ್ನು ಬಾಯಿಪಾಠ ಮಾಡಿ. ಈ ಪದ್ಧತಿ ಬಳಸುವ ಯಾವ ಊರಿನ ಲೈಬ್ರರಿಗೆ ಹೋದರೂ ನೇರವಾಗಿ ಆ ರ‍್ಯಾಕ್ ಮುಂದೆ ನಿಲ್ಲಬಹುದು.

ಚುಕ್ಕೆಯ ಮುಂದಿನ ಅಂಕಿಗಳನ್ನು ದಶಮಾಂಶವಾಗಿ ಓದಿ. 658.15 ಬರುವುದು 658.4ಕ್ಕಿಂತ ಮುಂಚೆ. ‘ಹದಿನೈದು ನಾಲ್ಕಕ್ಕಿಂತ ದೊಡ್ಡದು’ ಎಂದು ಮುಂದಕ್ಕೆ ಹೋದವರು ಪುಸ್ತಕ ಇಲ್ಲವೆಂದು ವಾಪಸ್ ಬರುತ್ತಾರೆ. ಪುಸ್ತಕ ಸಿಕ್ಕ ಮೇಲೆ ಎಡಕ್ಕೆ ಹತ್ತು, ಬಲಕ್ಕೆ ಹತ್ತು ಪುಸ್ತಕ ನೋಡಿ. ವರ್ಗೀಕರಣ ಇರುವುದೇ ಸೋದರ ಪುಸ್ತಕಗಳನ್ನು ಒಟ್ಟಿಗೆ ಕೂರಿಸಲು. ಕೋಹಾದಲ್ಲಿ ‘ಬ್ರೌಸ್ ಶೆಲ್ಫ್’ ಲಿಂಕ್ ಒತ್ತಿದರೆ ಇದೇ ಕೆಲಸ ಮನೆಯಿಂದಲೂ ಆಗುತ್ತದೆ.

ನಂಬರ್ ಜಾಗದಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಕೋಲನ್ ಚಿಹ್ನೆ ಕಂಡರೆ ಗಾಬರಿ ಬೇಡ. ಅದು ಎಸ್.ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ಪದ್ಧತಿ. ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದವರು ಅವರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು, 1962ರಲ್ಲಿ ಇಲ್ಲೇ ಗ್ರಂಥಾಲಯ ವಿಜ್ಞಾನದ ಸಂಶೋಧನೆ-ತರಬೇತಿ ಕೇಂದ್ರ ಡಿಆರ್‌ಟಿಸಿ ಕಟ್ಟಿದರು. ಗ್ರಂಥಾಲಯಗಳಿಗೆ ಅವರು ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸುವ ಬಗ್ಗೆ. ಲೈಬ್ರರಿ ತನ್ನ ಪಾಲಿನ ಕೆಲಸ ಮಾಡಿಟ್ಟಿದೆ.

10. ಫಿಲ್ಟರ್ ಒತ್ತಿ

800 ರಿಸಲ್ಟ್ ಬಂದರೆ ಪುಟ ತಿರುಗಿಸುತ್ತಾ ಕೂರಬೇಡಿ. ಎಡಬದಿಯಲ್ಲಿ ಲಭ್ಯತೆ, ಲೇಖಕ, ವಿಷಯದ ಫಿಲ್ಟರ್‌ಗಳಿವೆ. ‘ಅವೇಲಬಲ್’ ಒತ್ತಿ, ಹೊಸ ಪುಸ್ತಕ ಮೊದಲು ಬರುವಂತೆ ಜೋಡಿಸಿ. ಇತಿಹಾಸದವರು ಮಾತ್ರ ಹಳೆಯದು ಮೊದಲು.

11. ಸ್ಟೇಟಸ್ ಓದಿ, ಆಮೇಲೆ ಮೆಟ್ಟಿಲು ಹತ್ತಿ

ಪುಸ್ತಕ ‘ಇದೆ’ ಎಂದ ಮಾತ್ರಕ್ಕೆ ನಿಮಗೆ ಸಿಗುತ್ತದೆ ಎಂದಲ್ಲ. ‘ಚೆಕ್ಡ್ ಔಟ್’ ಇದ್ದರೆ ಡ್ಯೂ ಡೇಟ್ ನೋಡಿ, ಲಾಗಿನ್ ಆಗಿ ‘ಪ್ಲೇಸ್ ಹೋಲ್ಡ್’ ಒತ್ತಿ ಸಾಲಿನಲ್ಲಿ ನಿಲ್ಲಿ. ‘ನಾಟ್ ಫಾರ್ ಲೋನ್’ ಇದ್ದರೆ ಅದು ರೆಫರೆನ್ಸ್ ಪ್ರತಿ. ನೋಟ್‌ಬುಕ್ ಹಿಡಿದು ಅಲ್ಲೇ ಕೂತು ಓದಿ. ಯಾವ ಲೈಬ್ರರಿ ಎಂಬ ಕಾಲಂ ಬಿಡಬೇಡಿ. ಪುಸ್ತಕ ಡಿಪಾರ್ಟ್‌ಮೆಂಟ್ ಲೈಬ್ರರಿಯಲ್ಲಿ ಅಥವಾ ದೂರದ ಪಿಜಿ ಸೆಂಟರ್‌ನಲ್ಲಿ ಇರಬಹುದು.

ಕೆಲಸದಲ್ಲಿದ್ದುಕೊಂಡು ಪಿಎಚ್‌ಡಿ ಮಾಡುವವರೇ, ಕೆ-ಸೆಟ್‌ಗೆ ಓದುವವರೇ, ಇದು ನಿಮಗೆ: ವೆಬ್‌ನಲ್ಲಿರುವ ಓಪ್ಯಾಕ್ ನೋಡಲು ಸಾಮಾನ್ಯವಾಗಿ ಲಾಗಿನ್ ಬೇಡ. ಶುಕ್ರವಾರ ರಾತ್ರಿ ಮನೆಯಲ್ಲೇ ಹುಡುಕಿ, ಕಾಲ್ ನಂಬರ್ ಪಟ್ಟಿ ಮೊಬೈಲ್‌ನಲ್ಲಿ ಇಟ್ಟುಕೊಂಡು ಶನಿವಾರ ಬೆಳಿಗ್ಗೆ ಸೀದಾ ರ‍್ಯಾಕ್‌ಗೆ ಹೋಗಿ. ಇರುವ ಅರ್ಧ ದಿನ ಓದಲು ಉಳಿಯುತ್ತದೆ.

12. ಮಾರ್ಕ್ ವ್ಯೂ ಎಂಬ ಹಿಂಬಾಗಿಲು

ಕೋಹಾದಲ್ಲಿ ‘ಮಾರ್ಕ್ ವ್ಯೂ’ ಎಂಬ ಟ್ಯಾಬ್ ಇದೆ. ಅಂಕಿಗಳ ಕಾಡು ಎಂದು ಯಾರೂ ಒತ್ತುವುದಿಲ್ಲ. ನೀವು ಒತ್ತಿ. 504 ಎಂಬ ಸಾಲಿದ್ದರೆ ಪುಸ್ತಕದಲ್ಲಿ ಗ್ರಂಥಋಣದ ಪಟ್ಟಿ ಇದೆ ಎಂದರ್ಥ. 505 ಇದ್ದರೆ ಪರಿವಿಡಿಯೇ ಸಿಕ್ಕಿತು. ಪುಸ್ತಕ ಕೈಗೆ ಬರುವ ಮೊದಲೇ ಅದು ಬೇಕೋ ಬೇಡವೋ ತೀರ್ಮಾನಿಸಬಹುದು.

13. ಹುಡುಕಿದ್ದನ್ನು ಬರೆದಿಡಿ

ಯಾವ ದಿನ, ಯಾವ ಕ್ಯಾಟಲಾಗ್‌ನಲ್ಲಿ, ಯಾವ ಪದಕ್ಕೆ ಏನು ಸಿಕ್ಕಿತು ಎಂದು ಒಂದು ಎಕ್ಸೆಲ್ ಶೀಟ್ ಮಾಡಿ. ಮೂರು ತಿಂಗಳ ನಂತರ ಅದೇ ಪದ ಮತ್ತೆ ಹುಡುಕುವುದು ತಪ್ಪುತ್ತದೆ. ಬೇಕಾದ ರೆಕಾರ್ಡ್‌ಗಳನ್ನು ಕಾರ್ಟ್‌ಗೆ ಹಾಕಿ, ಆರ್‌ಐಎಸ್ ಅಥವಾ ಬಿಬ್‌ಟೆಕ್ಸ್ ರೂಪದಲ್ಲಿ ಇಳಿಸಿಕೊಂಡು ಝೊಟೆರೊಗೆ ತುಂಬಿ. ಆಕರಗಳ ಪಟ್ಟಿ ಇಟ್ಟುಕೊಡುವ ಈ ಸಾಫ್ಟ್‌ವೇರ್ ಉಚಿತ. ಥೀಸಿಸ್ ಸಲ್ಲಿಸುವ ಹಿಂದಿನ ರಾತ್ರಿ ಪ್ರಕಾಶಕರ ಹೆಸರು, ವರ್ಷ ಹುಡುಕುತ್ತಾ ಕೂರುವ ಪರಿಸ್ಥಿತಿ ನಿಮಗೆ ಬರುವುದಿಲ್ಲ.

14. ಇಲ್ಲಿಲ್ಲವೇ? ಪಕ್ಕದ ಲೈಬ್ರರಿಯ ಬಾಗಿಲು ತಟ್ಟಿ

ನಿಮ್ಮ ಲೈಬ್ರರಿ ಒಂದು ಕೊಂಡಿ ಮಾತ್ರ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಇಂಡ್‌ಕ್ಯಾಟ್’ ದೇಶದ ವಿಶ್ವವಿದ್ಯಾಲಯಗಳ ಸಂಯುಕ್ತ ಕ್ಯಾಟಲಾಗ್. ಯಾವ ಪುಸ್ತಕ ಯಾವ ವಿಶ್ವವಿದ್ಯಾಲಯದಲ್ಲಿದೆ ಎಂದು ಅಲ್ಲಿ ನೋಡಿ. ಜಗತ್ತಿನ ಮಟ್ಟದಲ್ಲಿ ವರ್ಲ್ಡ್‌ಕ್ಯಾಟ್ ಇದೆ. ನಿಮ್ಮ ಲೈಬ್ರರಿ ದೆಹಲಿಯ ಡೆಲ್‌ನೆಟ್ ಸದಸ್ಯನಾಗಿದ್ದರೆ ಇಂಟರ್ ಲೈಬ್ರರಿ ಲೋನ್ ಮೂಲಕ ಪುಸ್ತಕ ತರಿಸಬಹುದು. ಸದಸ್ಯತ್ವದ ಹಣ ಕಟ್ಟಿಯೂ ಯಾರೂ ಕೇಳದೆ ಈ ಸೌಲಭ್ಯ ಧೂಳು ತಿನ್ನುವುದುಂಟು.

ಥೀಸಿಸ್‌ಗೆ ಶೋಧಗಂಗಾ ನೋಡಿ. ಯುಜಿಸಿಯ 2009ರ ನಿಯಮಾವಳಿ ಥೀಸಿಸ್‌ಗಳ ಎಲೆಕ್ಟ್ರಾನಿಕ್ ಪ್ರತಿ ಕೊಡುವುದನ್ನು ಕಡ್ಡಾಯ ಮಾಡಿತು. ಈಗ ಲಕ್ಷಗಟ್ಟಲೆ ಥೀಸಿಸ್‌ಗಳು ಅಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ನೋಂದಣಿಯಾದ ಸಂಶೋಧನೆಗಳ ಸಾರಾಂಶಕ್ಕೆ ಶೋಧಗಂಗೋತ್ರಿ ಇದೆ. ಟಾಪಿಕ್ ಆಯ್ಕೆಗೆ ಮುಂಚೆ ಎರಡರಲ್ಲೂ ಹುಡುಕಿ. ಬೇರೊಬ್ಬರು ಮಾಡಿ ಮುಗಿಸಿದ ಕೆಲಸಕ್ಕೆ ನಿಮ್ಮ ನಾಲ್ಕು ವರ್ಷ ಕೊಡಬೇಡಿ.

ಹಳೆಯ ಪುಸ್ತಕಗಳಿಗೆ ಮನೆಯಲ್ಲೇ ದಾರಿ ಇದೆ. ಕಾಪಿರೈಟ್ ಮುಗಿದ ಅನೇಕ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅಲ್ಲೂ ಐದನೆಯ ಸೂತ್ರವೇ ಕೈಹಿಡಿಯುತ್ತದೆ: ಸ್ಪೆಲ್ಲಿಂಗ್ ಬದಲಿಸಿ, ಮತ್ತೆ ಬದಲಿಸಿ.

15. ಲೈಬ್ರೇರಿಯನ್ ಜೊತೆ ಮಾತಾಡಿ

ಸಂಕೋಚ ಬಿಡಿ. ‘ಸರ್, ಈ ವಿಷಯಕ್ಕೆ ಪುಸ್ತಕ ಇದೆಯಾ?’ ಎಂದು ಕೇಳಿದರೆ ‘ಓಪ್ಯಾಕ್ ನೋಡಿ’ ಎಂಬ ಉತ್ತರ ಬರುತ್ತದೆ. ‘ಸರ್, ಈ ಐದು ಪದಗಳಲ್ಲಿ ಹುಡುಕಿದೆ, ಇಷ್ಟು ಸಿಕ್ಕಿತು, ಇನ್ಯಾವ ಸಬ್ಜೆಕ್ಟ್ ಹೆಡಿಂಗ್ ಹಾಕಲಿ?’ ಎಂದು ಕೇಳಿ ನೋಡಿ, ಅವರು ಕುರ್ಚಿ ಬಿಟ್ಟು ಎದ್ದು ಬರುತ್ತಾರೆ. ಹೋಂವರ್ಕ್ ಮಾಡಿ ಬಂದವರಿಗೆ ಸಹಾಯ ಮಾಡಲು ಎಲ್ಲರಿಗೂ ಇಷ್ಟ. ಕಂಪ್ಯೂಟರ್‌ಗೆ ಇನ್ನೂ ಏರದ ಪುಸ್ತಕಗಳು ಯಾವುವು ಎಂದೂ ಕೇಳಿ. ಹಳೆಯ ಲೈಬ್ರರಿಗಳಲ್ಲಿ ದಾನವಾಗಿ ಬಂದ ಸಂಗ್ರಹ, ಹಳೆಯ ಕನ್ನಡ, ಸಂಸ್ಕೃತ, ಉರ್ದು ಪುಸ್ತಕಗಳು ಕಾರ್ಡ್ ಡ್ರಾಯರ್‌ನಲ್ಲೋ ಅಕ್ಸೆಷನ್ ರಿಜಿಸ್ಟರ್‌ನಲ್ಲೋ ಮಾತ್ರ ದಾಖಲಾಗಿ ಉಳಿದಿರಬಹುದು. ಅವು ಎಲ್ಲಿವೆ ಎಂದು ಗೊತ್ತಿರುವುದು ಅಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ಅಟೆಂಡರ್‌ಗೆ. ಅವರನ್ನೂ ‘ಅಣ್ಣ’ ಎಂದು ಮಾತಾಡಿಸಿ.

ಎಲ್ಲ ಸೂತ್ರ ಹಾಕಿಯೂ ಪುಸ್ತಕ ಸಿಗಲಿಲ್ಲವೇ? ಆಗ ಮಾತ್ರ ‘ಇಲ್ಲ’ ಎನ್ನಿ, ಅದೂ ಕ್ಯಾಂಟೀನ್‌ನಲ್ಲಿ ಅಲ್ಲ, ಖರೀದಿ ಶಿಫಾರಸಿನ ಫಾರಂನಲ್ಲಿ. ಕೋಹಾ ಓಪ್ಯಾಕ್‌ನಲ್ಲಿ ಲಾಗಿನ್ ಆದರೆ ‘ಪರ್ಚೇಸ್ ಸಜೆಷನ್’ ಸಿಗುತ್ತದೆ, ಬೇರೆ ಕಡೆ ಕೌಂಟರ್‌ನಲ್ಲಿ ಕಾಗದದ ಫಾರಂ ಕೇಳಿ. ಶೀರ್ಷಿಕೆ, ಲೇಖಕ, ಪ್ರಕಾಶಕ, ಐಎಸ್‌ಬಿಎನ್ ತುಂಬಿ, ಯಾಕೆ ಬೇಕು ಎಂದು ಎರಡು ಸಾಲು ಸೇರಿಸಿ, ಗೈಡ್ ಹತ್ತಿರ ಒಂದು ಸಹಿ ಹಾಕಿಸಿ. ಬಜೆಟ್ ವರ್ಷ ಮಾರ್ಚ್‌ಗೆ ಮುಗಿಯುತ್ತದೆ. ಫೆಬ್ರವರಿವರೆಗೆ ಕಾಯಬೇಡಿ, ಈ ವಾರವೇ ಕೊಡಿ.